ಹೋಟೆಲಿನ ಏಣಿ, ಆಸ್ಪತ್ರೆಯ ಏಣಿ

(ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ನಮ್ಮ ಕನ್ನಡದವರು ಸೇರಿದ್ದ ಒಂದು ಸಭೆಯಲ್ಲಿ, ಹತ್ತನೆಯ ಮತ್ತು ಹನ್ನೆರಡನೆಯ ತರಗತಿ ಮುಗಿಸಿದ ಮಕ್ಕಳು ಹಾಗೂ ಅವರ ಮನೆಯವರ ಮುಂದೆ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ, ಸ್ವಲ್ಪ ಸೇರಿಸಿದ್ದೇನೆ.)

ಸಭೆ ಶುರುವಾಗುವ ಮೊದಲು ಹೊರಗೆ ಚಹಾ ಕುಡಿಯುತ್ತಿದ್ದೆ. ಒಬ್ಬ ತಾಯಿ ಮಗನ ಕೈ ಹಿಡಿದುಕೊಂಡೇ ನನ್ನ ಹತ್ತಿರ ಬಂದರು. "ಸಿಸ್ಟರ್, ಇವನಿಗೆ ನೀಟ್‌ನಲ್ಲಿ ಮಾರ್ಕ್ಸ್ ಸಾಲಲಿಲ್ಲ. ನಮ್ಮ ಬಿಲ್ಡಿಂಗಿನ ಕೆಳಗೆ ನರ್ಸಿಂಗ್ ಹೋಮ್ ಇದೆ. ಅಲ್ಲಿ ಹೆಲ್ಪರ್ ಬೇಕಂತೆ. ಸೇರಿಸಲಾ? ಅಲ್ಲೇ ಕೆಲಸ ಕಲೀತಾ ಕಲೀತಾ ಮುಂದೆ ಡಾಕ್ಟರ್ ಆಗಬಹುದಲ್ವಾ?" ಎಂದು ಕೇಳಿದರು. ಮಗ ನೆಲ ನೋಡುತ್ತಾ ನಿಂತಿದ್ದ.

"ಒಳಗೆ ಬನ್ನಿ ಅಕ್ಕ, ಎಲ್ಲರ ಎದುರೇ ಹೇಳುತ್ತೇನೆ" ಎಂದೆ. ಈಗ ಹೇಳುತ್ತೇನೆ. ಸೇರಿಸಿ. ಆದರೆ ಅಲ್ಲೇ ಇದ್ದರೆ ಅವನು ಡಾಕ್ಟರ್ ಆಗುವುದಿಲ್ಲ. ನರ್ಸ್ ಆಗುವುದಿಲ್ಲ. ಲ್ಯಾಬ್ ಟೆಕ್ನಿಷಿಯನ್ ಕೂಡ ಆಗುವುದಿಲ್ಲ. 20 ವರ್ಷ ಕಳೆದರೂ ಹೆಲ್ಪರ್ ಆಗಿಯೇ ಇರುತ್ತಾನೆ. ಈ ಎರಡು ಮಾತನ್ನೂ ಒಟ್ಟಿಗೆ ಹೇಳಬೇಕು, ಒಂದನ್ನು ಮಾತ್ರ ಹೇಳಿದರೆ ಮೋಸ. ಇವತ್ತು ನಾನು ಬಂದಿರುವುದು ಇದಕ್ಕೇ.

ಇಲ್ಲಿ ಕುಳಿತಿರುವವರಲ್ಲಿ ಅರ್ಧ ಜನರ ಮನೆಯಲ್ಲಿ ಹೋಟೆಲಿನ ಕಥೆ ಇದೆ. ನನ್ನ ಅಣ್ಣ ಕುಂದಾಪುರದ ಕಡೆಯಿಂದ ಬಂದವನು. ಮೊದಲು ಟೇಬಲ್ ಒರೆಸಿದ. ಆಮೇಲೆ ವೇಟರ್. ಆಮೇಲೆ ಚಹಾ ಕೌಂಟರು, ಸ್ಟೋರು, ಒಂದು ದಿನ ಗಲ್ಲಾದ ಮೇಲೆ ಕುಳಿತ. ಕೊನೆಗೆ ಠಾಣೆಯಲ್ಲಿ ಒಂದು ಸಣ್ಣ ಹೋಟೆಲಿನಲ್ಲಿ ಪಾಲುದಾರನಾದ. ಇಷ್ಟು ದೂರ ಬರುವಾಗ ಅವನ ಹತ್ತಿರ ಯಾರೂ ಸರ್ಟಿಫಿಕೇಟ್ ಕೇಳಲಿಲ್ಲ. ಕೈ ನೋಡಿದರು, ನಿಯತ್ತು ನೋಡಿದರು, ಮೇಲಕ್ಕೆ ಹತ್ತಿಸಿದರು. ಮುಂಬಯಿಗೆ ಬಂದ ನಮ್ಮವರಿಗೆ ಏಣಿ ಎಂದರೆ ಇದೇ. ಏಣಿ ಹೋಟೆಲಿನ ಒಳಗೇ ಇರುತ್ತದೆ.

ಆಸ್ಪತ್ರೆಯ ಏಣಿ ಆಸ್ಪತ್ರೆಯ ಒಳಗಿಲ್ಲ. ಪ್ರತಿ ಮೆಟ್ಟಿಲಿಗೂ ಒಮ್ಮೆ ಹೊರಗೆ ಬರಬೇಕು, ಒಂದು ಕೋರ್ಸ್ ಮಾಡಬೇಕು, ಪರೀಕ್ಷೆ ಪಾಸಾಗಬೇಕು, ಕೌನ್ಸಿಲ್‌ನಲ್ಲಿ ಹೆಸರು ಬರೆಸಬೇಕು, ಮತ್ತೆ ಒಳಗೆ ಹೋಗಬೇಕು. ನಿಮ್ಮ ಕೈ ಎಷ್ಟೇ ಚೆನ್ನಾಗಿರಲಿ, ಕಾಗದ ಇಲ್ಲದಿದ್ದರೆ ಇಂಜೆಕ್ಷನ್ ಕೊಡುವ ಹಾಗಿಲ್ಲ. ಹಾಗೇ ಇರಬೇಕು ಕೂಡ. ರೋಗಿಯ ಜೀವದ ಪ್ರಶ್ನೆ ಅದು. ಆದರೆ ಈ ವ್ಯತ್ಯಾಸ ಗೊತ್ತಿಲ್ಲದೆ ನಮ್ಮ ಮಕ್ಕಳು ವರ್ಷಗಟ್ಟಲೆ ಕಳೆದುಕೊಳ್ಳುತ್ತಾರೆ. ಹೋಟೆಲಿನ ಲೆಕ್ಕವನ್ನು ಆಸ್ಪತ್ರೆಗೆ ಹಾಕುತ್ತಾರೆ. "ಇನ್ನು ಎರಡು ವರ್ಷ ನಿಷ್ಠೆಯಿಂದ ಇದ್ದರೆ ಮೇಲೆ ಹಾಕ್ತಾರೆ" ಅಂದುಕೊಳ್ಳುತ್ತಾರೆ. ಹಾಕುವುದಿಲ್ಲ. ಹಾಕುವ ಅಧಿಕಾರವೂ ಅವರಿಗಿಲ್ಲ.

ಹಿಂದೆ ನಡುವೆ ಒಂದು ಮೆಟ್ಟಿಲು ಇತ್ತು. ನಿಮ್ಮ ಅಜ್ಜಂದಿರನ್ನು ಕೇಳಿ, ಊರಿನ ಎಲ್‌ಎಂಪಿ ಡಾಕ್ಟರು ಅವರಿಗೆ ನೆನಪಿರಬಹುದು. ಎಂಬಿಬಿಎಸ್‌ಗಿಂತ ಚಿಕ್ಕ ಕೋರ್ಸು ಅದು. ಕಡಿಮೆ ಖರ್ಚಿನಲ್ಲಿ ಓದಿ ಹಳ್ಳಿಯಲ್ಲಿ ಡಾಕ್ಟರಾಗಬಹುದಿತ್ತು. ದೇಶದ ಆರೋಗ್ಯ ವ್ಯವಸ್ಥೆ ನೋಡಲು ಆಗಿನ ಸರ್ಕಾರ ನೇಮಿಸಿದ್ದ ಭೋರ್ ಸಮಿತಿ 1946ರಲ್ಲಿ ಆ ಚಿಕ್ಕ ಕೋರ್ಸುಗಳು ಬೇಡ, ದೇಶಕ್ಕೆಲ್ಲ ಒಂದೇ ದರ್ಜೆಯ ಡಾಕ್ಟರು ಇರಲಿ ಎಂದು ಹೇಳಿತು. ಅದಕ್ಕೆ ಅದರದೇ ಕಾರಣಗಳಿದ್ದವು. ಆದರೆ ಮೆಟ್ಟಿಲಂತೂ ಹೋಯಿತು. ಇವತ್ತು ಎಂಬಿಬಿಎಸ್‌ಗೆ ಬಾಗಿಲು ಒಂದೇ, ನೀಟ್.

ಇನ್ನೊಂದು ಗೊಂದಲ ಮೊಬೈಲಿನಿಂದ ಬರುತ್ತದೆ. ಅಮೆರಿಕದಲ್ಲಿ ಮೆಡಿಕಲ್ ಓದಬೇಕೆನ್ನುವ ಹುಡುಗರು ಮೊದಲು ಆಸ್ಪತ್ರೆಯಲ್ಲಿ ನರ್ಸಿಂಗ್ ಸಹಾಯಕರಾಗಿ, ಆಂಬುಲೆನ್ಸಿನಲ್ಲಿ, ಡಾಕ್ಟರ ಪಕ್ಕ ಕುಳಿತು ಕೇಸ್ ಬರೆದುಕೊಳ್ಳುವವರಾಗಿ ಕೆಲಸ ಮಾಡುವ ವೀಡಿಯೋಗಳನ್ನು ಮಕ್ಕಳು ನೋಡುತ್ತಾರೆ. ಅದು ನಿಜವೇ. ಅಲ್ಲಿ ಮೊದಲು 4 ವರ್ಷದ ಡಿಗ್ರಿ, ಆಮೇಲೆ ಎಂಕ್ಯಾಟ್ ಪರೀಕ್ಷೆ, ಆಮೇಲೆ 4 ವರ್ಷದ ಮೆಡಿಕಲ್ ಕಾಲೇಜು. ಸೀಟು ಕೊಡುವಾಗ ಹುಡುಗ ರೋಗಿಗಳ ಜೊತೆ ಎಷ್ಟು ಕೆಲಸ ಮಾಡಿದ್ದಾನೆ ಎಂದೂ ನೋಡುತ್ತಾರೆ. ನರ್ಸಿಂಗ್ ಸಹಾಯಕರ ತರಬೇತಿ ಅಲ್ಲಿನ ಕೇಂದ್ರ ಕಾನೂನಿನ ಪ್ರಕಾರ ಕನಿಷ್ಠ 75 ಗಂಟೆ. ಅದನ್ನು ಮುಗಿಸಿ ಕೆಲಸಕ್ಕೆ ಸೇರುತ್ತಾರೆ. ನಮ್ಮಲ್ಲಿ ಹಾಗಿಲ್ಲ. ನೀಟ್‌ನಲ್ಲಿ 180 ಪ್ರಶ್ನೆ, 720 ಅಂಕ. ಸರಿ ಉತ್ತರಕ್ಕೆ 4, ತಪ್ಪಿದರೆ ಒಂದು ಕಡಿತ. ನೀವು 3 ವರ್ಷ ಐಸಿಯುನಲ್ಲಿ ದುಡಿದಿದ್ದರೂ ಅದಕ್ಕೆ ಅರ್ಧ ಅಂಕವೂ ಸೇರುವುದಿಲ್ಲ. ಮೊದಲೇ ಗೊತ್ತಿರಲಿ ಎಂದು ಹೇಳುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ.

ಬೇಸರ ಬೇಡ ಎಂದೆ ಯಾಕೆಂದರೆ ಒಳ್ಳೆಯ ಸುದ್ದಿಯೂ ಇದೆ. ನೀಟ್ ಬರೆಯಲು ಈಗ ವಯಸ್ಸಿನ ಮೇಲ್ಮಿತಿ ಇಲ್ಲ. ಹನ್ನೆರಡನೆಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಇದ್ದು, ಬೇಕಾದಷ್ಟು ಮಾರ್ಕ್ಸ್ ಇದ್ದರೆ ಸಾಕು. 17ಕ್ಕೂ ಬರೆಯಬಹುದು, 30ಕ್ಕೂ ಬರೆಯಬಹುದು. ದುಡಿದು, ಮನೆಗೆ ನಾಲ್ಕು ಕಾಸು ಕೊಟ್ಟು, ಆಮೇಲೆ ಓದುವವರಿಗೆ ಇದು ದೊಡ್ಡ ಆಸರೆ.

ಇಲ್ಲೇ ನಮ್ಮವರಿಗೆ ಬೇಕಾದ ಎರಡು ಮಾತು. ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲಿ ಇದೆ, ಆದರೆ ಅದು ಸಿಗುವುದು ಕರ್ನಾಟಕದ ಪರೀಕ್ಷಾ ಕೇಂದ್ರಗಳಲ್ಲಿ. ಮುಂಬಯಿಯಲ್ಲಿ ಬರೆಯುವವರು ಇಂಗ್ಲಿಷ್, ಹಿಂದಿ, ಮರಾಠಿ, ಉರ್ದು ಇವುಗಳಲ್ಲಿ ಒಂದನ್ನು ಆರಿಸಬೇಕು. ಎರಡನೆಯದು ಇನ್ನೂ ಮುಖ್ಯ. ಮಹಾರಾಷ್ಟ್ರದ ಕೋಟಾದಲ್ಲಿ ಮೆಡಿಕಲ್ ಸೀಟು ಬೇಕೆಂದರೆ ಡೊಮಿಸಾಯಿಲ್ (ಇಲ್ಲಿಯ ನಿವಾಸಿ ಎಂಬ ಪ್ರಮಾಣಪತ್ರ) ಜೊತೆಗೆ ಹತ್ತನೆಯದು ಮತ್ತು ಹನ್ನೆರಡನೆಯದು ಎರಡನ್ನೂ ಸಾಮಾನ್ಯವಾಗಿ ಇಲ್ಲೇ ಪಾಸಾಗಿರಬೇಕು. "ಊರಲ್ಲಿ ಅಜ್ಜಿ ಮನೆಯಲ್ಲಿದ್ದು ಹತ್ತನೆಯದು ಮುಗಿಸಲಿ, ಆಮೇಲೆ ಕರೆಸಿಕೊಳ್ಳೋಣ" ಎನ್ನುವ ತಾಯಂದಿರು ನಮ್ಮಲ್ಲಿ ಜಾಸ್ತಿ. ಮಗು ಎಂಟನೆಯ ಕ್ಲಾಸಿನಲ್ಲಿರುವಾಗಲೇ ಇದನ್ನು ಯೋಚಿಸಿ. ಮೀಸಲಾತಿ ಇರುವವರಿಗೆ ಜಾತಿ ಪ್ರಮಾಣಪತ್ರ ಮಾತ್ರ ಸಾಲದು, ವ್ಯಾಲಿಡಿಟಿ, ಅಂದರೆ ಆ ಪ್ರಮಾಣಪತ್ರವನ್ನು ಪರಿಶೀಲಿಸಿ ಸರಿಯಿದೆ ಎಂದು ಕೊಡುವ ಇನ್ನೊಂದು ಕಾಗದ ಬೇಕು. ಅದಕ್ಕೆ ತಿಂಗಳುಗಳು ಹಿಡಿಯುತ್ತವೆ. ಸೀಟು ಬಂದ ಮೇಲೆ ಓಡಾಡಿದರೆ ತಡವಾಗುತ್ತದೆ.

ಇನ್ನು ನನ್ನ ಕಥೆ.

1984ರಲ್ಲಿ ಹತ್ತನೆಯದು ಪಾಸಾಗಿ ಎರಡು ವರ್ಷ ಮನೆಯಲ್ಲಿ ಕುಳಿತಿದ್ದ 18ರ ಹುಡುಗಿ ನಾನು. ಅಣ್ಣ ಕರೆದುಕೊಂಡು ಬಂದ. ಒಂದು ಚಿಕ್ಕ ನರ್ಸಿಂಗ್ ಹೋಮಿನಲ್ಲಿ ಆಯಾ ಆಗಿ ಸೇರಿದೆ. ಮುಂಬಯಿಯ ಆಸ್ಪತ್ರೆಗಳಲ್ಲಿ ಆಯಾಳನ್ನು ಮಾವಶಿ ಎಂದು ಕರೆಯುತ್ತಾರೆ. ಚಿಕ್ಕಮ್ಮ ಎಂದರ್ಥ. ವಾರ್ಡ್‌ಬಾಯ್‌ಗೆ ಮಾಮಾ ಎನ್ನುತ್ತಾರೆ. 18ರ ಹುಡುಗಿಯನ್ನು 60ರ ಅಜ್ಜ "ಮಾವಶಿ" ಎಂದು ಕರೆದಾಗ ಮೊದಲ ದಿನ ನನಗೆ ಅಳು ಬಂದಿತ್ತು. ಬೆಡ್‌ಪ್ಯಾನ್ ಕೊಡುವುದು, ತೊಳೆಯುವುದು, ರಕ್ತದ ಬಟ್ಟೆ ನೆನೆಸುವುದು, ಗಾಜಿನ ಸಿರಿಂಜು ಕುದಿಸುವುದು. ಆಗ ಬಳಸಿ ಬಿಸಾಡುವ ಸಿರಿಂಜು ಎಲ್ಲ ಕಡೆ ಇರಲಿಲ್ಲ.

ಒಂದು ರಾತ್ರಿ ತಟ್ಟೆಯಲ್ಲಿದ್ದ ಸೂಜಿ ನನ್ನ ಹೆಬ್ಬೆರಳಿಗೆ ಚುಚ್ಚಿತು. ರಕ್ತ ಒರೆಸಿಕೊಂಡು ಕೆಲಸ ಮುಂದುವರಿಸಿದೆ. ಎರಡೂವರೆ ತಿಂಗಳಿಗೆ ಕಣ್ಣು ಹಳದಿಯಾಯಿತು, ಊಟ ಸೇರಲಿಲ್ಲ, ಕಾಮಾಲೆ. ಐದು ವಾರ ಮಲಗಿದೆ. ಮಾಲೀಕರು ಆ ಐದು ವಾರದ ಸಂಬಳ ಕಡಿದರು. ಚುಚ್ಚಿದ್ದನ್ನು ಯಾಕೆ ಹೇಳಲಿಲ್ಲ ಎಂದು ನನ್ನನ್ನೇ ಬೈದರು. ಹೇಳಬೇಕೆಂದು ನನಗೆ ಯಾರು ಕಲಿಸಿದ್ದರು? ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ. ಅದಕ್ಕೇ ಮಕ್ಕಳೇ, ನಿಮಗೆ ನಾನು ಕಲಿಸುತ್ತೇನೆ. ದಯವಿಟ್ಟು ಬರೆದುಕೊಳ್ಳಿ.

ಆಸ್ಪತ್ರೆಯಲ್ಲಿ ಯಾವುದೇ ಕೆಲಸಕ್ಕೆ ಸೇರುವ ಮೊದಲು ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಳ್ಳಿ. ಮೂರು ಡೋಸು. ಮೊದಲನೆಯದು ಹಾಕಿಸಿ ಒಂದು ತಿಂಗಳಿಗೆ ಎರಡನೆಯದು, ಆರನೆಯ ತಿಂಗಳಿಗೆ ಮೂರನೆಯದು. ಚಿಕ್ಕಂದಿನಲ್ಲಿ ಹಾಕಿಸಿದ್ದರೆ ಕಾರ್ಡು ಹುಡುಕಿ, ಡಾಕ್ಟರಿಗೆ ತೋರಿಸಿ. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಲು ಹೋಗಬೇಡಿ, ಚುಚ್ಚುವುದು ಹೆಚ್ಚಾಗಿ ಆಗಲೇ. ಚುಚ್ಚಿದರೆ ಸೋಪು ನೀರಿನಲ್ಲಿ ತೊಳೆಯಿರಿ. ಹಿಂಡಬೇಡಿ, ಬಾಯಿಗೆ ಇಡಬೇಡಿ. ತಕ್ಷಣ ಸಿಸ್ಟರಿಗೆ ಹೇಳಿ, ಬರೆಯಿಸಿ. ಎಚ್‌ಐವಿ ತಡೆಯುವ ಮಾತ್ರೆಗಳಿವೆ. ಅವನ್ನು ಕೆಲವು ಗಂಟೆಗಳೊಳಗೇ ಶುರು ಮಾಡಬೇಕು, 72 ಗಂಟೆ ದಾಟಿದರೆ ಪ್ರಯೋಜನವಿಲ್ಲ. ಡ್ಯೂಟಿ ಮುಗಿಯಲಿ, ನಾಳೆ ಹೇಳೋಣ ಎನ್ನುವ ವಿಷಯ ಅಲ್ಲ ಇದು.

ಮತ್ತೆ ಕಸದ ಡಬ್ಬಗಳು. ಬಣ್ಣದ ನಿಯಮ 2016ರದ್ದು. ರಕ್ತ, ಕೀವು ತಾಗಿದ ಹತ್ತಿ, ಬ್ಯಾಂಡೇಜು ಹಳದಿಗೆ. ಸಲೈನ್ ಪೈಪು, ಮೂತ್ರದ ಚೀಲ, ಗ್ಲೌಸು, ಸೂಜಿ ತೆಗೆದ ಸಿರಿಂಜು ಕೆಂಪಿಗೆ. ಸೂಜಿ, ಬ್ಲೇಡು ಚುಚ್ಚಿದರೂ ತೂತಾಗದ ಬಿಳಿ ಡಬ್ಬಕ್ಕೆ. ಔಷಧಿಯ ಗಾಜಿನ ಬಾಟ್ಲಿ ನೀಲಿಗೆ. ನೀವು ಹೆಲ್ಪರ್ ಆಗಿ ಸೇರಿದರೆ ಈ ಡಬ್ಬಗಳು ನಿಮ್ಮ ಕೈಯಲ್ಲೇ ಇರುತ್ತವೆ. ನೀವು ತಪ್ಪು ಡಬ್ಬಕ್ಕೆ ಹಾಕಿದ ಸೂಜಿ ಕೊನೆಗೆ ಚುಚ್ಚುವುದು ಕಸ ಎತ್ತುವ ಒಬ್ಬ ಬಡವನ ಕೈಗೆ.

ಆ ನರ್ಸಿಂಗ್ ಹೋಮಿನಲ್ಲಿ ಒಬ್ಬ ಮಲಯಾಳಿ ಸಿಸ್ಟರ್ ಇದ್ದರು. ನಾನು ಕಾಮಾಲೆಯಿಂದ ಎದ್ದು ಬಂದ ದಿನ ಅವರು ನನ್ನನ್ನು ಬದಿಗೆ ಕರೆದು ಕೇಳಿದರು. "ನೀನು ನನಗಿಂತ ಚೆನ್ನಾಗಿ ಪೇಶೆಂಟ್ ನೋಡಿಕೊಳ್ತೀಯ. 10 ವರ್ಷ ಆದಮೇಲೆ ನಿನ್ನ ಸಂಬಳ ಎಷ್ಟಿರುತ್ತದೆ ಅಂದುಕೊಂಡಿದ್ದೀಯ?" ಅವರದು ಮುರುಕು ಹಿಂದಿ, ನನ್ನದು ಅದಕ್ಕಿಂತ ಮುರುಕು. ನನಗೆ ಉತ್ತರ ಹೊಳೆಯಲಿಲ್ಲ. ಅವರೇ ಮುಂದಿನ ವಾರ ನನ್ನನ್ನು ರಾತ್ರಿ ಕಾಲೇಜಿಗೆ ಸೇರಿಸಿದರು. ಹಗಲು ಡ್ಯೂಟಿ, ಸಂಜೆ ಲೋಕಲ್, ರಾತ್ರಿ ಕ್ಲಾಸು. ನಮ್ಮ ಹಿರಿಯರು ಹೋಟೆಲಿನಲ್ಲಿ ದುಡಿದು ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿ ವಕೀಲರು, ಬ್ಯಾಂಕಿನವರು ಆದದ್ದು ಕೇಳಿದ್ದೆವಲ್ಲ, ಅದೇ ದಾರಿ. 1988ರಲ್ಲಿ ನರ್ಸಿಂಗ್ ಸ್ಕೂಲಿಗೆ ಆಯ್ಕೆಯಾದೆ. ಆಮೇಲೆ 2024ರಲ್ಲಿ ನಿವೃತ್ತಿ ಆಗುವವರೆಗೆ ಆಸ್ಪತ್ರೆಯೇ ನನ್ನ ಮನೆ.

ಈಗಿನ ಮೆಟ್ಟಿಲುಗಳನ್ನು ಬೇಗ ಬೇಗ ಹೇಳಿಬಿಡುತ್ತೇನೆ, ವಿವರ ಆಮೇಲೆ ಯಾರು ಬೇಕಾದರೂ ಕೇಳಿ. ತೀರಾ ಕೆಳಗಿನ ಮೆಟ್ಟಿಲು ಜನರಲ್ ಡ್ಯೂಟಿ ಅಸಿಸ್ಟೆಂಟ್, ಕೆಲವೇ ತಿಂಗಳ ತರಬೇತಿ. 2021ರ ಕೊರೊನಾ ಸಮಯದಲ್ಲಿ ಸರ್ಕಾರ ಒಂದು ಲಕ್ಷ ಜನರಿಗೆ ಇಂಥದೇ ಚಿಕ್ಕ ತರಬೇತಿ ಕೊಡುವ ಯೋಜನೆ ಶುರು ಮಾಡಿತು, ನೆನಪಿರಬಹುದು. ಎಎನ್‌ಎಂ, ಅಂದರೆ ಸಹಾಯಕ ನರ್ಸ್ ಮತ್ತು ಸೂಲಗಿತ್ತಿಯ ಕೋರ್ಸ್, 2 ವರ್ಷ, ಹುಡುಗಿಯರಿಗೆ. ಜಿಎನ್‌ಎಂ, ಅಂದರೆ ನರ್ಸಿಂಗ್ ಡಿಪ್ಲೊಮಾ, 3 ವರ್ಷ. ಇದಕ್ಕೆ ಹುಡುಗರೂ ಹೋಗಬಹುದು, ಆರ್ಟ್ಸ್ ಕಾಮರ್ಸ್ ಓದಿದವರೂ ಹೋಗಬಹುದು. ಬಿಎಸ್ಸಿ ನರ್ಸಿಂಗ್ 4 ವರ್ಷ, ಇದಕ್ಕೆ ಸೈನ್ಸ್ ಬೇಕು, ರಾಜ್ಯದ ಸಿಇಟಿ ಸೆಲ್ ಬೇರೆ ಪ್ರವೇಶ ಪರೀಕ್ಷೆ ನಡೆಸುತ್ತದೆ. ಜಿಎನ್‌ಎಂ ಮುಗಿಸಿದವರು ಮತ್ತೆ 2 ವರ್ಷ ಓದಿ ಪೋಸ್ಟ್ ಬೇಸಿಕ್ ಬಿಎಸ್ಸಿ ಮಾಡಬಹುದು. ಅಲ್ಲಿಂದ ಎಂಎಸ್ಸಿ, ಪಾಠ ಮಾಡುವ ಕೆಲಸ, ಐಸಿಯುನಲ್ಲಿ ನರ್ಸ್ ಪ್ರಾಕ್ಟಿಷನರ್. 6 ತಿಂಗಳ ಸಮುದಾಯ ಆರೋಗ್ಯ ಕೋರ್ಸ್ ಮಾಡಿದ ನರ್ಸ್ ಇವತ್ತು ಹಳ್ಳಿಯ ಉಪಕೇಂದ್ರದಲ್ಲಿ ಕಮ್ಯುನಿಟಿ ಹೆಲ್ತ್ ಆಫೀಸರ್ ಆಗಿ ತಾನೇ ಬಿಪಿ, ಶುಗರ್ ನೋಡಿ ಔಷಧಿ ಕೊಡುತ್ತಾಳೆ. ರೋಗಿಗೆ ಅವಳೇ ಡಾಕ್ಟರ್. ಲ್ಯಾಬ್, ಎಕ್ಸ್‌ರೇ, ಡಯಾಲಿಸಿಸ್, ಆಪರೇಷನ್ ಥಿಯೇಟರ್ ಇವಕ್ಕೆಲ್ಲ ಬೇರೆ ಬೇರೆ ಡಿಪ್ಲೊಮಾ, ಡಿಗ್ರಿ ಇವೆ. ಇವರಿಗಾಗಿ 2021ರಲ್ಲಿ ಕೇಂದ್ರ ಸರ್ಕಾರ ಒಂದು ಕಾನೂನು ಮಾಡಿ ರಾಷ್ಟ್ರೀಯ ಆಯೋಗ ತಂದಿದೆ.

ಲ್ಯಾಬ್ ಎಂದಾಗ ಒಂದು ಮುಖ ಕಣ್ಣ ಮುಂದೆ ಬರುತ್ತದೆ. ನಮ್ಮದೇ ಹುಡುಗಿ, ಭಾಂಡುಪಿನವಳು. ಹನ್ನೆರಡನೆಯದು ಆದ ಮೇಲೆ ಅಂಗಡಿಯ ಮೇಲಿನ ಮಹಡಿಯ ಒಂದು "ಇನ್‌ಸ್ಟಿಟ್ಯೂಟ್"ಗೆ ದುಡ್ಡು ಕಟ್ಟಿ 6 ತಿಂಗಳ ಲ್ಯಾಬ್ ಕೋರ್ಸ್ ಮಾಡಿದಳು. ಚೆಂದದ ಸರ್ಟಿಫಿಕೇಟ್ ಕೊಟ್ಟರು, ಬಂಗಾರದ ಅಂಚು. ಒಂದು ಕಲೆಕ್ಷನ್ ಸೆಂಟರಿನಲ್ಲಿ 6 ವರ್ಷ ರಕ್ತ ತೆಗೆದಳು. ಅವಳ ಕೈ ಎಂಥದ್ದು ಗೊತ್ತಾ? ಕೀಮೋ ತೆಗೆದುಕೊಂಡು ನರವೇ ಸಿಗದ ಅಜ್ಜಿಯರು ಅವಳೇ ಬೇಕೆಂದು ಕಾಯುತ್ತಿದ್ದರು. ನೇರಳೆ ಮುಚ್ಚಳದ ಟ್ಯೂಬು ರಕ್ತಕಣ ಎಣಿಸಲು, ಬೂದು ಬಣ್ಣದ್ದು ಶುಗರಿಗೆ, ತಿಳಿ ನೀಲಿ ಹೆಪ್ಪುಗಟ್ಟುವ ಪರೀಕ್ಷೆಗೆ. ಯಾವುದು ಮೊದಲು ಯಾವುದು ಆಮೇಲೆ ಎನ್ನುವುದು ಅವಳಿಗೆ ನಿದ್ದೆಯಲ್ಲೂ ಬರುತ್ತಿತ್ತು. ರೋಗಿಯನ್ನು "ನೀವು ಸಾವಿತ್ರಿ ಅಲ್ವಾ?" ಎಂದು ಕೇಳುತ್ತಿರಲಿಲ್ಲ, "ನಿಮ್ಮ ಹೆಸರು ಹೇಳಿ" ಎನ್ನುತ್ತಿದ್ದಳು. ಸುಸ್ತಾದ ರೋಗಿ ಯಾವ ಹೆಸರಿಗೂ ಹೂಂ ಅಂದುಬಿಡುತ್ತಾನೆ, ಅದಕ್ಕೆ. ಇಷ್ಟೆಲ್ಲ ಇದ್ದು ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕಿದಾಗ ಮೊದಲ ಮೇಜಿನಲ್ಲೇ ವಾಪಸ್ ಕಳಿಸಿದರು. ಆ ಸರ್ಟಿಫಿಕೇಟಿಗೆ ಮಾನ್ಯತೆಯೇ ಇರಲಿಲ್ಲ.

ನನ್ನ ಮನೆಯ ಸೋಫಾದಲ್ಲಿ ಕುಳಿತು ಅವಳು ಆ ಕಾಗದವನ್ನು ಮಡಚುತ್ತಾ ಬಿಚ್ಚುತ್ತಾ ಇದ್ದಳು. 25 ವರ್ಷ ವಯಸ್ಸಿಗೆ ಮತ್ತೆ ಮೊದಲಿನಿಂದ ಡಿಎಂಎಲ್‌ಟಿಗೆ, ಅಂದರೆ ಲ್ಯಾಬ್ ಡಿಪ್ಲೊಮಾಗೆ ಸೇರಿದಳು. ತನಗಿಂತ 7 ವರ್ಷ ಚಿಕ್ಕವರ ಜೊತೆ ಕುಳಿತು, ತನಗೆ ಗೊತ್ತಿದ್ದುದನ್ನೇ ಕಲಿತಳು. ಈಗ ಒಳ್ಳೆಯ ಕೆಲಸದಲ್ಲಿದ್ದಾಳೆ. ಆದರೆ ಆ 6 ವರ್ಷಗಳನ್ನು ಯಾರು ಕೊಡುತ್ತಾರೆ? ಅದಕ್ಕೇ ಫೀಸು ಕಟ್ಟುವ ಮೊದಲು ಒಂದೇ ಪ್ರಶ್ನೆ ಕೇಳಿ: "ಇದನ್ನು ಮುಗಿಸಿದರೆ ನನ್ನ ಹೆಸರು ಯಾವ ಕೌನ್ಸಿಲ್‌ನಲ್ಲಿ ನೋಂದಣಿ ಆಗುತ್ತದೆ?" ನರ್ಸಿಂಗ್ ಆದರೆ ಮಹಾರಾಷ್ಟ್ರ ನರ್ಸಿಂಗ್ ಕೌನ್ಸಿಲ್ ಎನ್ನಬೇಕು. ಅವರು ಬಾಯಿಮಾತಿನಲ್ಲಿ ಹೇಳಿದರೆ ಸಾಲದು. ಕೌನ್ಸಿಲ್‌ನ ಪಟ್ಟಿಯಲ್ಲಿ ಆ ಸಂಸ್ಥೆಯ ಹೆಸರು ಇದೆಯಾ ಎಂದು ನೀವೇ ನೋಡಿ. "ನೂರು ಪರ್ಸೆಂಟ್ ಜಾಬ್ ಗ್ಯಾರಂಟಿ" ಎಂದು ಬೋರ್ಡ್ ಹಾಕಿದ್ದರೆ ಎರಡು ಸಲ ನೋಡಿ.

ಹಾಗಾದರೆ ಕಾಗದವೇ ಎಲ್ಲ ಎಂದಾದರೆ ಕೆಳಗಿನ ಕೆಲಸಕ್ಕೆ ಯಾಕೆ ಸೇರಬೇಕು? ಸುಮ್ನೆ ಮನೆಯಲ್ಲಿ ಕುಳಿತು ಓದಬಾರದಾ?

ಅಲ್ಲಿ ಕಲಿಯುವುದನ್ನು ಬೇರೆ ಎಲ್ಲೂ ಕಲಿಸುವುದಿಲ್ಲ. ಎದ್ದು ಕೂರಲಾಗದ ರೋಗಿಯನ್ನು 2 ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಮಾಡದಿದ್ದರೆ ಬೆನ್ನಿನ ಕೆಳಗೆ, ಹಿಮ್ಮಡಿಯಲ್ಲಿ ಚರ್ಮ ಕೆಂಪಾಗುತ್ತದೆ, ಆಮೇಲೆ ಹುಣ್ಣು. ಆ ಕೆಂಪನ್ನು ಮೊದಲು ನೋಡುವವರು ಯಾರು? ಡಾಕ್ಟರಲ್ಲ. ಮೈ ಒರೆಸುವ ಮಾವಶಿ. ನಾನು ಯಾವಾಗಲೂ ಅರುಣಾ ಶಾನಭಾಗ್ ಅವರನ್ನು ನೆನೆಯುತ್ತೇನೆ. ನಮ್ಮ ಹೊನ್ನಾವರದ ಹಳದೀಪುರದ ಹೆಣ್ಣುಮಗಳು, ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್. 1973ರಲ್ಲಿ ಅದೇ ಆಸ್ಪತ್ರೆಯ ಕೆಲಸದವನೊಬ್ಬನ ಹಲ್ಲೆಯಿಂದ ಮಿದುಳಿಗೆ ಪೆಟ್ಟಾಗಿ, 2015ರ ಮೇ ತಿಂಗಳಲ್ಲಿ ತೀರಿಕೊಳ್ಳುವವರೆಗೆ ಹಾಸಿಗೆಯಲ್ಲೇ ಇದ್ದರು. 42 ವರ್ಷ ಅವರನ್ನು ನೋಡಿಕೊಂಡವರು ಅಲ್ಲಿನ ನರ್ಸುಗಳು, ಸಿಬ್ಬಂದಿ. ಒಂದು ತಂಡ ನಿವೃತ್ತಿಯಾದರೆ ಮುಂದಿನ ತಂಡ. ಇಷ್ಟು ವರ್ಷ ಮಲಗಿದ್ದವರಿಗೆ ಬೆಡ್‌ಸೋರ್ ಆಗಲಿಲ್ಲ ಎಂಬ ಮಾತು ಸುಪ್ರೀಂ ಕೋರ್ಟಿನ ಮುಂದೆ ಬಂತು. 2011ರ ತೀರ್ಪಿನಲ್ಲಿ ಕೋರ್ಟು ಆ ಸಿಬ್ಬಂದಿಯನ್ನು ಮನಸಾರೆ ಹೊಗಳಿತು. ಹಾಸಿಗೆ ಹಿಡಿದವರನ್ನು ಮನೆಯಲ್ಲಿ ನೋಡಿಕೊಂಡವರಿಗೆ ಗೊತ್ತು, ಒಂದು ತಿಂಗಳು ಹುಣ್ಣಾಗದಂತೆ ಕಾಯುವುದೇ ಎಷ್ಟು ಕಷ್ಟ ಎಂದು.

ಅರುಣಾ ಅವರ ಹೆಸರು ಹೇಳಿದರೆ ಹೆಣ್ಣುಮಕ್ಕಳ ತಂದೆ ತಾಯಿಗೆ ಎದೆ ಝಲ್ಲೆನ್ನುತ್ತದೆ, ಗೊತ್ತು. ಮುಚ್ಚಿಡಲು ನನಗೆ ಇಷ್ಟವಿಲ್ಲ. ಸೇರುವ ಮೊದಲೇ ಕೇಳಿ: ರಾತ್ರಿ ಡ್ಯೂಟಿಯಲ್ಲಿ ಮಹಡಿಗೆ ಎಷ್ಟು ಜನ? ಬಟ್ಟೆ ಬದಲಿಸುವ ಕೋಣೆಗೆ ಒಳಗಿನಿಂದ ಚಿಲಕ ಇದೆಯಾ? ತಡರಾತ್ರಿ ಬಿಟ್ಟರೆ ಮನೆಗೆ ಹೇಗೆ? ದೂರು ಕೇಳುವ ಸಮಿತಿ ಇದೆಯಾ? ಇದನ್ನು ಕೇಳಿದ್ದಕ್ಕೆ ಮುಖ ಸಿಂಡರಿಸುವ ಜಾಗ ನಿಮಗೆ ಬೇಡ.

ಇನ್ನೊಂದು ಘಟನೆ ಹೇಳುತ್ತೇನೆ. ನಾನು ಕ್ಯಾಶುವಲ್ಟಿಯಲ್ಲಿದ್ದೆ. ವಿಜಯಪುರದ ಕಡೆಯ ಒಬ್ಬ ಅಜ್ಜಿ ಬಂದರು, ಮಗ ಕಟ್ಟಡ ಕೆಲಸದವನು. ಅಜ್ಜಿಗೆ ಕನ್ನಡ ಬಿಟ್ಟು ಬೇರೆ ಮಾತು ಬಾರದು. "ಸಂಕಟ ಆಗಾಕತ್ತೈತ್ರಿ, ಭಾಳ ಸಂಕಟ" ಎನ್ನುತ್ತಿದ್ದರು. ಅಲ್ಲಿದ್ದ ಚಿಕ್ಕ ಡಾಕ್ಟರ್ ಮರಾಠಿಯವರು. ಮರಾಠಿಯಲ್ಲಿ ಸಂಕಟ ಎಂದರೆ ಆಪತ್ತು, ಕಷ್ಟ. ಮನೆಯ ಕಷ್ಟ ಹೇಳಿಕೊಳ್ಳುತ್ತಿದ್ದಾರೆ ಅಂದುಕೊಂಡು, "ಆಜೀ, ಕೂತ್ಕೊಳ್ಳಿ, ಆಮೇಲೆ ಮಾತಾಡೋಣ" ಎಂದು ಬೆಂಚು ತೋರಿಸಿದರು. ಅವರದೇನೂ ತಪ್ಪಿಲ್ಲ, ಸುತ್ತ ಐವತ್ತು ಜನ. ನಾನು ಆಚೆ ಒಂದು ಅಪಘಾತದ ಕೇಸಿನಲ್ಲಿದ್ದೆ. ಟ್ರಾಲಿ ತಳ್ಳುತ್ತಿದ್ದ ಮಾವಶಿ ನಿಂತುಬಿಟ್ಟರು. ಅವರು ಅಕ್ಕಲಕೋಟೆಯವರು, ಮನೆಮಾತು ಕನ್ನಡ. ಹೋಗಿ ಡಾಕ್ಟರಿಗೆ ಹೇಳಿದರು. "ಸಾಹೇಬ, ಅದು ನಿಮ್ಮ ಸಂಕಟ ಅಲ್ಲ. ನಮ್ಮ ಮಾತಿನಲ್ಲಿ ಸಂಕಟ ಅಂದರೆ ಹೊಟ್ಟೆ ತೊಳಸೋದು, ಎದೆಯಲ್ಲಿ ಕಸಿವಿಸಿ. ನೋಡಿ, ಬೆವರ್ತಿದ್ದಾರೆ." ತಕ್ಷಣ ಇಸಿಜಿ ತೆಗೆದರು. ಹೃದಯಾಘಾತ. ಹೆಂಗಸರಿಗೆ, ವಯಸ್ಸಾದವರಿಗೆ, ಶುಗರ್ ಇದ್ದವರಿಗೆ ಎದೆನೋವೇ ಬರಬೇಕೆಂದಿಲ್ಲ. ಬರೀ ವಾಕರಿಕೆ, ಸುಸ್ತು, ಬೆವರು ಇರಬಹುದು. ಅಜ್ಜಿ ಹತ್ತನೆಯ ದಿನ ನಡೆದುಕೊಂಡು ಮನೆಗೆ ಹೋದರು.

ಆ ಮಾವಶಿ ಮಾವಶಿಯಾಗಿಯೇ ನಿವೃತ್ತಿಯಾದರು. ಓದಿದ್ದು ಒಂಬತ್ತನೆಯವರೆಗೆ. "ಹತ್ತನೆಯದು ಮಾಡಿ, ಹೊರಗಿನಿಂದ ಕಟ್ಟಬಹುದು" ಎಂದು ಅವರಿಗೆ 25ನೆಯ ವಯಸ್ಸಿನಲ್ಲಿ ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ನನ್ನ ಮಲಯಾಳಿ ಸಿಸ್ಟರ್ ನನಗೆ ಮಾಡಿದ್ದನ್ನು ನಾನು ಅವರಿಗೆ ಮಾಡಬೇಕಿತ್ತು. ಇವತ್ತು ಇಲ್ಲಿ ಬಂದು ಇಷ್ಟು ಮಾತಾಡುತ್ತಿರುವುದರಲ್ಲಿ ಆ ನೋವೂ ಇದೆ.

ಈಗ ಡಾಕ್ಟರೇ ಆಗಬೇಕು ಎನ್ನುವವರಿಗೆ. ಆಸೆ ಬಿಡಿ ಎಂದು ನಾನು ಹೇಳುವುದಿಲ್ಲ. ಘಾಟ್ಕೋಪರದ ಒಬ್ಬ ಹುಡುಗ ಮೊದಲ ನೀಟ್ ಆದಮೇಲೆ ಒಂದು ಐಸಿಯುನಲ್ಲಿ ವಾರ್ಡ್‌ಬಾಯ್ ಆಗಿ ಸೇರಿದ. ಅಪ್ಪನಿಗೆ ಕೆಲಸ ಹೋಗಿತ್ತು. ಮೂತ್ರದ ಚೀಲದ ಅಳತೆ ನೋಡಿ ಸಿಸ್ಟರಿಗೆ ಹೇಳುವುದು ಅವನ ಕೆಲಸಗಳಲ್ಲಿ ಒಂದು. 60 ಕಿಲೋ ತೂಕದವರಿಗೆ ಗಂಟೆಗೆ 30 ಮಿಲಿಲೀಟರಿಗಿಂತ ಕಡಿಮೆಯಾದರೆ ಓಡಿಬಂದು ಹೇಳಬೇಕು. ಯಾಕೆ ಎಂದು ಒಂದು ದಿನ ಕೇಳಿದ. ಸಿಸ್ಟರ್ ಹೇಳಿದರು: ಬಿಪಿ ಇಳಿದರೆ ಕಿಡ್ನಿಗೆ ರಕ್ತ ಸಾಲದು, ಕಿಡ್ನಿ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. "ಅಕ್ಕ, ಕಿಡ್ನಿಯ ಪಾಠ ಎರಡು ವರ್ಷ ಬಾಯಿಪಾಠ ಮಾಡಿದ್ದೆ, ಅವತ್ತು ಅರ್ಥ ಆಯ್ತು" ಎಂದ ನನ್ನ ಹತ್ತಿರ. ಆದರೆ 12 ಗಂಟೆ ಡ್ಯೂಟಿ ಮಾಡಿ ಬಂದು ಫಿಸಿಕ್ಸ್ ಲೆಕ್ಕ ಮಾಡಲು ಅವನಿಂದ ಆಗಲಿಲ್ಲ. ಯಾರಿಂದಲೂ ಆಗುವುದಿಲ್ಲ. ಎರಡನೆಯ ಸಲವೂ ಹೋಯಿತು. ಆಗ ಮನೆಯವರೆಲ್ಲ ಕುಳಿತು ಲೆಕ್ಕ ಹಾಕಿದೆವು. 7 ತಿಂಗಳು ದುಡಿದು ಕೂಡಿಡುವುದು, ಕೊನೆಯ 5 ತಿಂಗಳು ಕೆಲಸ ಬಿಟ್ಟು ಓದುವುದು ಮಾತ್ರ. ಮೂರನೆಯ ಸಲ ಎಂಬಿಬಿಎಸ್ ಸಿಗಲಿಲ್ಲ, ಸರ್ಕಾರಿ ಕಾಲೇಜಿನಲ್ಲಿ ಬಿಎಎಂಎಸ್, ಅಂದರೆ ಆಯುರ್ವೇದದ ಡಿಗ್ರಿ ಸಿಕ್ಕಿತು. ಸಂತೋಷದಿಂದ ಓದುತ್ತಿದ್ದಾನೆ.

ನನ್ನ ಅಭಿಪ್ರಾಯ ಕೇಳಿದರೆ, ಮೊದಲು 6 ತಿಂಗಳು ಕೆಲಸ ಮಾಡಿ ನೋಡಿ. ವಾಸನೆ, ರಕ್ತ, ಸಾವು, ಸಿಟ್ಟಾದ ಸಂಬಂಧಿಕರು, ಇದೆಲ್ಲ ನೋಡಿದ ಮೇಲೂ ನಾಳೆ ಬರಬೇಕು ಅನಿಸುತ್ತದಾ? ಅನಿಸಿದರೆ ಮುಂದಿನ ಮೆಟ್ಟಿಲು ಯಾವುದು, ಯಾವ ತಿಂಗಳಲ್ಲಿ ಅರ್ಜಿ ಎಂದು ಅವತ್ತೇ ಬರೆದಿಟ್ಟುಕೊಳ್ಳಿ. ಅನಿಸದಿದ್ದರೆ ಅದರಲ್ಲಿ ನಾಚಿಕೆ ಏನೂ ಇಲ್ಲ. ಲಕ್ಷಗಟ್ಟಲೆ ಕಟ್ಟಿ, ಐದೂವರೆ ವರ್ಷದ ನಡುವೆ ಅದು ಗೊತ್ತಾಗುವುದಕ್ಕಿಂತ ಈಗಲೇ ಗೊತ್ತಾಗಲಿ.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಹಿಂದಿನ ಸಾಲಿನ ಒಬ್ಬ ಹುಡುಗಿ, "ಮೊದಲ ದಿನ ಏನೇನು ತಗೊಂಡು ಹೋಗಬೇಕು?" ಎಂದು ಕೇಳಿದಳು. ಇಡೀ ಸಂಜೆಯಲ್ಲಿ ನನಗೆ ಬಹಳ ಇಷ್ಟವಾದ ಪ್ರಶ್ನೆ ಅದು. ಉಗುರು ಕತ್ತರಿಸಿಕೊಂಡು ಹೋಗು ಎಂದೆ. ಬೆರಳು ಮುಚ್ಚುವ ಚಪ್ಪಲಿ ಇಲ್ಲವೇ ಶೂ. ಹೊಟ್ಟೆ ತುಂಬ ತಿಂದು ಹೋಗು, ಖಾಲಿ ಹೊಟ್ಟೆಯಲ್ಲಿ ರಕ್ತ ನೋಡಿದರೆ ತಲೆ ತಿರುಗುತ್ತದೆ. ಜೇಬಿಗೆ ಹಿಡಿಸುವ ಪುಸ್ತಕ, ಪೆನ್ನು. ಮತ್ತೆ ಸೆಕೆಂಡಿನ ಮುಳ್ಳು ಇರುವ ಒಂದು ಕೈಗಡಿಯಾರ.

"ಮುಳ್ಳು ಯಾಕೆ?" ಎಂದಳು. ಉಸಿರು ಎಣಿಸಲು. ದೊಡ್ಡವರು ಸುಮ್ಮನೆ ಕುಳಿತಾಗ ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. 25 ದಾಟಿದರೆ ಏನೋ ಸರಿಯಿಲ್ಲ. ಎಷ್ಟೋ ಸಲ ಬಿಪಿ ಬೀಳುವ ಮೊದಲೇ ಉಸಿರು ಸೂಚನೆ ಕೊಡುತ್ತದೆ. ಆದರೆ "ನಿಮ್ಮ ಉಸಿರು ಎಣಿಸುತ್ತೇನೆ" ಎಂದು ಹೇಳಬಾರದು. ಹೇಳಿದರೆ ಅವರಿಗೆ ಗೊತ್ತಿಲ್ಲದೆಯೇ ಉಸಿರು ಬದಲಾಗುತ್ತದೆ. ನಾಡಿ ನೋಡುವವರ ಹಾಗೆ ಮಣಿಕಟ್ಟು ಹಿಡಿದುಕೊಂಡು, ಕಣ್ಣಿನಲ್ಲಿ ಮಾತ್ರ ಎದೆ ಏರಿ ಇಳಿಯುವುದನ್ನು ನೋಡಬೇಕು. ಪೂರ್ತಿ ಒಂದು ನಿಮಿಷ. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸುವುದು ಬೇಡ.

ನಾನು ಹೀಗೆ ಹೇಳುತ್ತಿರುವಾಗ ಮೂರನೆಯ ಸಾಲಿನಲ್ಲಿ ಆ ಹುಡುಗ, ನೆಲ ನೋಡುತ್ತಿದ್ದವನು, ಅಮ್ಮನ ಮಣಿಕಟ್ಟು ಹಿಡಿದಿದ್ದ. ಗೋಡೆಯ ಗಡಿಯಾರ ನೋಡುತ್ತಿದ್ದ, ಅಮ್ಮನನ್ನು ನೋಡುತ್ತಿದ್ದ. ಅವರು "ಏನೋ ಇದು?" ಎಂದರು. ಅವನು ಮಾತಾಡಲಿಲ್ಲ, ನಿಮಿಷ ಮುಗಿಯುವವರೆಗೆ ಕೈ ಬಿಡಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ "ಹದಿನೆಂಟು" ಎಂದ.